ಕಿಡ್ನಿ ಪಥ್ಯದಲ್ಲಿರುವ ಅಮ್ಮನಿಗೆ ಸುಲಭದ ಸಿಹಿ ತಿಂಡಿ ಯಾವುದು ಮಾಡಲಿ?

ಮಲ್ಲಿಗೆಬಳ್ಳಿ

ಎಲ್ಲರಿಗೂ ನಮಸ್ಕಾರ. ಅಮ್ಮನಿಗೆ ಕಿಡ್ನಿ ಕಾಯಿಲೆ ನಾಲ್ಕನೇ ಹಂತದಲ್ಲಿದೆ. ಡಯಾಲಿಸಿಸ್ ಇನ್ನೂ ಶುರುವಾಗಿಲ್ಲ. ಸಕ್ಕರೆ ಕಾಯಿಲೆ ಇಲ್ಲ. ಕಳೆದ ಸಲದ ರಕ್ತ ಪರೀಕ್ಷೆಯಲ್ಲಿ ಪೊಟ್ಯಾಸಿಯಂ 5.4 ಬಂದಿತ್ತು, ಫಾಸ್ಫರಸ್ ಕೂಡ ಮೇಲಿನ ಗಡಿಯಲ್ಲಿದೆ. ಎರಡನ್ನೂ ಊಟದಲ್ಲಿ ಕಡಿಮೆ ಮಾಡಿ ಎಂದು ಡಾಕ್ಟರ್ ಹೇಳಿದ್ದಾರೆ. ಉಪ್ಪು ಮೊದಲಿನಿಂದಲೂ ಕಡಿಮೆಯೇ.

ನನ್ನ ಚಿಂತೆ ಈಗ ಬೇರೆ. ಅಮ್ಮನಿಗೆ ಹಸಿವೇ ಇಲ್ಲ. ತೂಕ ಇಳಿಯುತ್ತಿದೆ. ಬಾಯಲ್ಲಿ ಒಂಥರಾ ಲೋಹದ ರುಚಿ ಅನ್ನುತ್ತಾರೆ. ಸಿಹಿ ಅಂದರೆ ಮಾತ್ರ ಸ್ವಲ್ಪ ಆಸೆ ಪಡುತ್ತಾರೆ. ಆದರೆ ನನಗೆ ಗೊತ್ತಿರುವ ಸಿಹಿಗಳಲ್ಲೆಲ್ಲ ಹಾಲು, ಗೋಡಂಬಿ, ಬಾದಾಮಿ, ಖರ್ಜೂರ, ಇಲ್ಲಾಂದ್ರೆ ತೆಂಗಿನಕಾಯಿ. ಒಂದೊಂದನ್ನೂ ಬೇಡ ಅನ್ನುತ್ತಾ ಹೋದರೆ ಕೊನೆಗೆ ಏನೂ ಉಳಿಯಲ್ಲ. ನಮ್ಮಲ್ಲಿ ಓವನ್ ಇಲ್ಲ, ಒಲೆ ಮೇಲೆ ಆಗುವಂಥದ್ದಾಗಬೇಕು. ಸಾಮಾನು ಕಡಿಮೆ ಇದ್ದಷ್ಟೂ ಒಳ್ಳೇದು. ಗೊತ್ತಿರುವವರು ದಯವಿಟ್ಟು ಹೇಳಿ.

ಪಥ್ಯದಡುಗೆ

ನಮಸ್ಕಾರ. ನಾನು ಕಿಡ್ನಿ ಕಾಯಿಲೆಯವರಿಗೆ ಆಹಾರ ಸಲಹೆ ಕೊಡುವ ಕೆಲಸದಲ್ಲಿದ್ದೇನೆ. ನಿಮ್ಮ ಅಮ್ಮನ ರಿಪೋರ್ಟ್ ಪೂರ್ತಿ ನಾನು ನೋಡಿಲ್ಲ, ಹಾಗಾಗಿ ಇದನ್ನು ಅವರ ಡಾಕ್ಟರ್‌ಗೂ ಒಮ್ಮೆ ತೋರಿಸಿ. ಆದರೆ ನೀವು ಹೇಳಿದ್ದರಲ್ಲಿ ಒಂದು ವಿಷಯ ನನಗೆ ಬಹಳ ಮುಖ್ಯ ಅನಿಸಿತು. ತೂಕ ಇಳಿಯುತ್ತಿದೆ ಅಂದಿರಿ. ಪಥ್ಯ ಅಂದ ಕೂಡಲೇ ಮನೆಯವರು ಏನನ್ನು ತೆಗೆಯಬೇಕು ಎಂದೇ ಯೋಚಿಸುತ್ತಾರೆ. ತೆಗೆದ ಜಾಗಕ್ಕೆ ಏನು ಹಾಕಬೇಕು ಅಂತ ಯಾರೂ ಕೇಳಲ್ಲ. ಊಟ ಕಡಿಮೆಯಾದರೆ ದೇಹ ತನ್ನದೇ ಮಾಂಸಖಂಡವನ್ನು ಕರಗಿಸಿಕೊಂಡು ಶಕ್ತಿ ಮಾಡಿಕೊಳ್ಳುತ್ತದೆ. ಆಗ ಯೂರಿಯಾ, ಪೊಟ್ಯಾಸಿಯಂ ಎರಡೂ ಒಳಗಿನಿಂದಲೇ ರಕ್ತಕ್ಕೆ ಬರುತ್ತವೆ. ಹಾಗಾಗಿ ನಿಮ್ಮ ಅಮ್ಮನ ಮಟ್ಟಿಗೆ ಸಿಹಿ ತಿಂಡಿ ಚಪಲವಲ್ಲ, ಬೇಕಾದ ಕ್ಯಾಲೊರಿ.

ಲೆಕ್ಕ ಹೇಳುತ್ತೇನೆ. ಕೆಡಿಒಕ್ಯುಐ ಅಂದರೆ ಅಮೆರಿಕದ ಕಿಡ್ನಿ ಸಂಸ್ಥೆ ಹೊರಡಿಸುವ ಚಿಕಿತ್ಸಾ ಮಾರ್ಗಸೂಚಿ. ಅದರ 2020ರ ಆವೃತ್ತಿ ಪ್ರಕಾರ ದಿನಕ್ಕೆ ಒಂದು ಕೆಜಿ ತೂಕಕ್ಕೆ 25ರಿಂದ 35 ಕ್ಯಾಲೊರಿ ಬೇಕು. 50 ಕೆಜಿಯವರಿಗೆ ಅದು 1250ರಿಂದ 1750. ಊಟ ಸೇರದವರು ಇದರ ಹತ್ತಿರಕ್ಕೂ ಬರಲ್ಲ.

ಕಿಡ್ನಿಗೆ ಸಕ್ಕರೆ ಭಾರವಲ್ಲ, ಸಕ್ಕರೆಯ ಜೊತೆ ಬರುವ ಸಾಮಾನು ಭಾರ. ಸಕ್ಕರೆ ಕಾಯಿಲೆ ಇಲ್ಲದವರಿಗೆ ಹೇಳುತ್ತಿದ್ದೇನೆ, ಇದನ್ನು ಮರೆಯಬೇಡಿ. ಬಿಳಿ ಸಕ್ಕರೆಯಲ್ಲಿ 100 ಗ್ರಾಂಗೆ ಪೊಟ್ಯಾಸಿಯಂ ಸುಮಾರು 2 ಮಿಲಿಗ್ರಾಂ ಮಾತ್ರ. ಅದೇ ಬಾದಾಮಿಯಲ್ಲಿ 730ರ ಸುಮಾರು, ಒಣದ್ರಾಕ್ಷಿಯಲ್ಲಿ 750ರ ಸುಮಾರು, ಕೋಕೋ ಪುಡಿಯಲ್ಲಿ 1500. ಬಾದಾಮಿಯಲ್ಲಿ ಫಾಸ್ಫರಸ್ಸೂ 480 ಇದೆ.

ಉಪ್ಪಿಲ್ಲದ ಮಂಡಕ್ಕಿ, ಬಿಳಿ ಸಕ್ಕರೆ, ಉಪ್ಪಿಲ್ಲದ ಬೆಣ್ಣೆ. ಈ ಮೂರರಿಂದ ಒಳ್ಳೆಯ ಬಿಲ್ಲೆ ಆಗುತ್ತದೆ. ಮಾಡುವ ಕ್ರಮ ಹೀಗೆ.

ಮಂಡಕ್ಕಿ 50 ಗ್ರಾಂ, ಅಂದರೆ ದೊಡ್ಡ ಲೋಟದಲ್ಲಿ ಮೂರೂವರೆ ಲೋಟದಷ್ಟು. ಸಕ್ಕರೆ 100 ಗ್ರಾಂ. ಬೆಣ್ಣೆ 15 ಗ್ರಾಂ, ಅಂದರೆ ಒಂದು ದೊಡ್ಡ ಚಮಚ. ನೀರು ಮೂರು ದೊಡ್ಡ ಚಮಚ. ನಿಂಬೆರಸ ಅರ್ಧ ಚಿಕ್ಕ ಚಮಚ. ಏಲಕ್ಕಿ ಅಥವಾ ದಾಲ್ಚಿನ್ನಿ ಪುಡಿ ಒಂದು ಚಿಟಿಕೆ.

ಮೊದಲು ಮಂಡಕ್ಕಿಯನ್ನು ಸಣ್ಣ ಉರಿಯಲ್ಲಿ ಬೆಚ್ಚಗೆ ಮಾಡಿ, ಗರಿಗರಿಯಾಗಲಿ. ಪಕ್ಕಕ್ಕಿಡಿ. ದಪ್ಪ ತಳದ ಪಾತ್ರೆಯಲ್ಲಿ ಸಕ್ಕರೆ, ನೀರು, ನಿಂಬೆರಸ ಹಾಕಿ ಕರಗಿಸಿ. ಕುದಿ ಬಂದ ಮೇಲೆ ಸೌಟು ಆಡಿಸಬೇಡಿ. ಒಂದು ಹನಿ ಪಾಕವನ್ನು ತಣ್ಣೀರಿಗೆ ಬಿಟ್ಟರೆ ಗಟ್ಟಿ ಉಂಡೆಯಾಗಬೇಕು. ಆಗ ಬೆಣ್ಣೆ, ಏಲಕ್ಕಿ ಸೇರಿಸಿ, ಉರಿ ಆರಿಸಿ, ಮಂಡಕ್ಕಿ ಸುರಿದು ಬೇಗ ಬೇಗ ಕಲಸಿ. ಬೆಣ್ಣೆ ಸವರಿದ ತಟ್ಟೆಗೆ ಹಾಕಿ ಒದ್ದೆ ಸೌಟಿನಿಂದ ಒತ್ತಿ. ಬೆಚ್ಚಗಿರುವಾಗಲೇ ಹತ್ತು ಬಿಲ್ಲೆ ಕತ್ತರಿಸಿ.

ಒಂದು ಬಿಲ್ಲೆಗೆ ಸುಮಾರು 70 ಕ್ಯಾಲೊರಿ. ಪೊಟ್ಯಾಸಿಯಂ 6 ಮಿಲಿಗ್ರಾಂ, ಫಾಸ್ಫರಸ್ 5 ಮಿಲಿಗ್ರಾಂ, ಪ್ರೋಟೀನ್ ಅರ್ಧ ಗ್ರಾಂಗೂ ಕಡಿಮೆ. ಸಂಜೆಗೆ ಎರಡು ತಿಂದರೂ ನೀವು ಹೆದರುತ್ತಿರುವ ಎರಡು ಸಂಖ್ಯೆಗಳ ಮೇಲೆ ಹೇಳಿಕೊಳ್ಳುವಂಥ ಹೊರೆ ಬೀಳಲ್ಲ.

ಮಂಡಕ್ಕಿ ಕೊಳ್ಳುವಾಗ ಮಾತ್ರ ಎಚ್ಚರ. ಬಹಳ ಕಡೆ ಅಕ್ಕಿಯನ್ನು ಹುರಿಯುವ ಮೊದಲೇ ಉಪ್ಪುನೀರಿನಲ್ಲಿ ಕಲಸಿರುತ್ತಾರೆ. ಪೊಟ್ಟಣದ ಮೇಲೆ ಸೋಡಿಯಂ ಎಷ್ಟು ಎಂದು ನೋಡಿ. 100 ಗ್ರಾಂಗೆ 120 ಮಿಲಿಗ್ರಾಂಗಿಂತ ಕಡಿಮೆ ಇದ್ದರೆ ಸರಿ. ಬಿಡಿಯಾಗಿ ಕೊಳ್ಳುವುದಾದರೆ ಉಪ್ಪು ಹಾಕಿಲ್ಲ ಎಂದು ಕೇಳಿ ಖಚಿತ ಮಾಡಿಕೊಳ್ಳಿ.

ಹಳೇಮರ

ಪಥ್ಯದಡುಗೆ ಮೇಡಂ, ತಪ್ಪು ತಿಳಿಯಬೇಡಿ. ಬಿಳಿ ಸಕ್ಕರೆಗಿಂತ ಬೆಲ್ಲ ಒಳ್ಳೇದಲ್ವಾ? ಬೆಲ್ಲದಲ್ಲಿ ಖನಿಜಾಂಶ ಇದೆ, ಕಬ್ಬಿಣ ಇದೆ. ಇವರ ಅಮ್ಮನಿಗೆ ರಕ್ತವೂ ಕಡಿಮೆ ಇರಬಹುದು. ಬೆಲ್ಲದಲ್ಲೇ ಇದೇ ಬಿಲ್ಲೆ ಮಾಡಬಹುದಲ್ಲ?

ಪಥ್ಯದಡುಗೆ

ಕೇಳಿದ್ದು ಒಳ್ಳೆಯದಾಯಿತು ಹಳೇಮರ ಅವರೇ. ಈ ಪ್ರಶ್ನೆ ಎಲ್ಲರ ಮನೆಯಲ್ಲೂ ಬರುತ್ತದೆ. ನೀವು ಹೇಳಿದ ಖನಿಜಾಂಶವೇ ಇಲ್ಲಿ ತೊಡಕು. ಕಬ್ಬಿನ ಹಾಲಿನಲ್ಲಿರುವ ಪೊಟ್ಯಾಸಿಯಂ ಬೆಲ್ಲದಲ್ಲಿ ಹಾಗೇ ಉಳಿಯುತ್ತದೆ. ತಯಾರಿಕೆ ನೋಡಿಕೊಂಡು 100 ಗ್ರಾಂಗೆ ಸುಮಾರು 500ರಿಂದ 1000 ಮಿಲಿಗ್ರಾಂ ತನಕ ಇರುತ್ತದೆ. ಸಕ್ಕರೆಯಲ್ಲಿ ಅದನ್ನೆಲ್ಲ ತೆಗೆದಿರುತ್ತಾರೆ. ಆರೋಗ್ಯವಾಗಿರುವವರಿಗೆ ಯಾವುದು ಕೊರತೆಯೋ ಅದೇ ಇವರಿಗೆ ಅನುಕೂಲ.

ಒಂದು ಬಿಲ್ಲೆಗೆ 10 ಗ್ರಾಂ ಬೆಲ್ಲ ಅಂದರೆ 50ರಿಂದ 100 ಮಿಲಿಗ್ರಾಂ ಪೊಟ್ಯಾಸಿಯಂ. ಒಂದು ಬಿಲ್ಲೆಯಿಂದ ಅನಾಹುತ ಆಗಲ್ಲ, ನಿಜ. ಪೊಟ್ಯಾಸಿಯಂ ಸರಿಯಾಗಿರುವವರು ತಿನ್ನಲಿ. ಆದರೆ 5.4 ಇರುವವರಿಗೆ ಆ 100 ಮಿಲಿಗ್ರಾಂ ಜಾಗವನ್ನು ಬೆಲ್ಲಕ್ಕೆ ಕೊಡುವುದಕ್ಕಿಂತ ಒಂದು ಸೇಬಿಗೋ ತರಕಾರಿಗೋ ಕೊಡಿ. ನಾರಾದರೂ ಸಿಗುತ್ತದೆ. ಇನ್ನು ರಕ್ತದ ವಿಷಯ. ಕಿಡ್ನಿ ಕಾಯಿಲೆಯಲ್ಲಿ ರಕ್ತ ಕಡಿಮೆಯಾಗಲು ಎರಿಥ್ರೊಪೊಯೆಟಿನ್ ಎಂಬ ಹಾರ್ಮೋನಿನ ಕೊರತೆಯೂ ದೊಡ್ಡ ಕಾರಣ. ಅದನ್ನು ಮಾಡುವುದೇ ಕಿಡ್ನಿ. ಬೆಲ್ಲದಿಂದ ಅದು ತುಂಬಲ್ಲ. ಅದಕ್ಕೆ ಇಂಜೆಕ್ಷನ್ ಇದೆ, ಕಬ್ಬಿಣದ ಔಷಧಿ ಇದೆ. ಡಾಕ್ಟರ್ ನೋಡಿ ಕೊಡುತ್ತಾರೆ.

ಹಳೇಮರ

ಹಾರ್ಮೋನಿನ ವಿಷಯ ನನಗೆ ಹೊಸದು. ಬಿಡಿಸಿ ಹೇಳಿದ್ದಕ್ಕೆ ಧನ್ಯವಾದ ಮೇಡಂ.

ಮೂರುಸಂಜೆ

ನಾನು ಡಯಾಲಿಸಿಸ್ ಮಾಡಿಸಿಕೊಳ್ಳುವವನು. ವಾರಕ್ಕೆ ಮೂರು ಸಲ, ಒಂದೊಂದು ಸಲ ನಾಲ್ಕು ಗಂಟೆ. ಮಲ್ಲಿಗೆಬಳ್ಳಿ ಅವರೇ, ಅಡುಗೆ ನನಗೆ ಬರಲ್ಲ. ರೋಗಿಯ ಕಡೆಯಿಂದ ಒಂದು ಮಾತು ಹೇಳಬೇಕು.

ನಿಮ್ಮ ಅಮ್ಮನಿಗೆ ಮಾಡಿದ್ದನ್ನು ಮನೆಯಲ್ಲಿ ಎಲ್ಲರೂ ತಿನ್ನಿ. ನನಗೆ ಬೇರೆ ತಟ್ಟೆ, ಬೇರೆ ಡಬ್ಬಿ, ಬೇರೆ ಸಾರು ಎಂದು ಶುರುವಾದಾಗ ನನ್ನ ಹಸಿವು ಇನ್ನೂ ಕಡಿಮೆಯಾಯಿತು. ಆಸ್ಪತ್ರೆಯೇ ಮನೆಗೆ ಬಂದು ಕೂತಂತೆ ಅನಿಸುತ್ತಿತ್ತು. ಈಗ ಮೇಡಂ ಹೇಳಿದಂಥ ತಿಂಡಿ ನೋಡಿ, ಅದರಲ್ಲಿ ಪಥ್ಯದ ವಾಸನೆಯೇ ಇಲ್ಲ. ಮಕ್ಕಳೂ ತಿನ್ನುತ್ತಾರೆ. ಎಲ್ಲರೂ ತಿನ್ನುವುದನ್ನು ನಾನೂ ತಿನ್ನುತ್ತಿದ್ದೇನೆ ಅನ್ನುವುದು ಎಷ್ಟು ದೊಡ್ಡದು ಅಂತ ಹೊರಗಿನವರಿಗೆ ಹೇಳಿ ತಿಳಿಸುವುದು ಕಷ್ಟ.

ಇನ್ನೊಂದು. ಬಾಯಲ್ಲಿ ಲೋಹದ ರುಚಿ ಅಂದಿರಿ. ಅದು ನನಗೂ ಇತ್ತು. ಹುಳಿ ಸೇರಿದ ಸಿಹಿ ನನಗೆ ಹಿಡಿಸುತ್ತಿತ್ತು, ಬರೀ ಸಿಹಿ ಹಿಡಿಸುತ್ತಿರಲಿಲ್ಲ. ಪಾಕಕ್ಕೆ ನಿಂಬೆರಸ ಸ್ವಲ್ಪ ಜಾಸ್ತಿ ಹಾಕಿ ನೋಡಿ.

ಪಥ್ಯದಡುಗೆ

ಮೂರುಸಂಜೆ ಅಣ್ಣ, ನೀವು ಬರೆದದ್ದನ್ನು ನಾನು ನನ್ನ ಹತ್ತಿರ ಬರುವ ಮನೆಯವರಿಗೆ ಹೇಳುತ್ತೇನೆ. ನಿಂಬೆಯ ಮಾತೂ ಸರಿ. ಒಂದು ಚಿಕ್ಕ ಚಮಚ ನಿಂಬೆರಸದಲ್ಲಿ ಪೊಟ್ಯಾಸಿಯಂ 5 ಮಿಲಿಗ್ರಾಂ ಆಸುಪಾಸು ಮಾತ್ರ. ಧೈರ್ಯವಾಗಿ ಹಾಕಬಹುದು. ನಿಂಬೆ ಸಿಪ್ಪೆಯನ್ನು ಸ್ವಲ್ಪ ತುರಿದು ಹಾಕಿದರೆ ಘಮವೂ ಬರುತ್ತದೆ.

ಡಯಾಲಿಸಿಸ್‌ನಲ್ಲಿರುವವರು ಓದುತ್ತಿದ್ದರೆ ಒಂದು ವ್ಯತ್ಯಾಸ ಗಮನಿಸಿ. ಡಯಾಲಿಸಿಸ್ ಶುರುವಾದ ಮೇಲೆ ಪ್ರೋಟೀನ್ ಜಾಸ್ತಿ ಬೇಕು. ದಿನಕ್ಕೆ ಕೆಜಿಗೆ 1.0ರಿಂದ 1.2 ಗ್ರಾಂ. ನಾಲ್ಕನೇ ಹಂತದಲ್ಲಿರುವವರಿಗೆ ಅದಕ್ಕಿಂತ ಕಡಿಮೆ ಹೇಳುತ್ತಾರೆ. ಕೆಡಿಐಜಿಒ ಎಂಬ ಅಂತಾರಾಷ್ಟ್ರೀಯ ಕಿಡ್ನಿ ಸಂಸ್ಥೆಯ 2024ರ ಮಾರ್ಗಸೂಚಿ 0.8 ಗ್ರಾಂ ಅನ್ನುತ್ತದೆ. ವಯಸ್ಸಾಗಿ ಸೊರಗಿದವರಿಗೆ ಅದಕ್ಕಿಂತ ಜಾಸ್ತಿ ಕೊಡುವುದನ್ನು ಯೋಚಿಸಿ ಎಂದೂ ಅದರಲ್ಲೇ ಇದೆ. ಮಂಡಕ್ಕಿ ಬಿಲ್ಲೆಯಲ್ಲಿ ಪ್ರೋಟೀನ್ ಇಲ್ಲ. ಹಾಗಾಗಿ ಡಯಾಲಿಸಿಸ್‌ನವರು ಇದನ್ನು ತಿಂದು ಹೊಟ್ಟೆ ತುಂಬಿಸಿಕೊಂಡು ಊಟ ಬಿಡಬಾರದು. ಊಟ ಮೊದಲು, ಬಿಲ್ಲೆ ಆಮೇಲೆ.

ನೀಲಿಕಿಟಕಿ

ನನ್ನ ಗಂಡನಿಗೆ ಸಕ್ಕರೆ ಕಾಯಿಲೆಯಿಂದಲೇ ಕಿಡ್ನಿ ಹೋಗಿದ್ದು. ಮೂರನೇ ಹಂತ. ಇಲ್ಲಿ ಬರೆದ ಬಿಲ್ಲೆ ನಮಗೆ ಆಗಲ್ಲ ಅಂತ ಗೊತ್ತು. ನಮಗೇನು ದಾರಿ?

ಪಥ್ಯದಡುಗೆ

ಅಕ್ಕ, ನಿಮ್ಮಂಥವರೇ ಹೆಚ್ಚು ಜನ. ಜಗತ್ತಿನಲ್ಲಿ ಕಿಡ್ನಿ ಕಾಯಿಲೆಗೆ ಅತಿ ದೊಡ್ಡ ಕಾರಣ ಸಕ್ಕರೆ ಕಾಯಿಲೆಯೇ. ಮಂಡಕ್ಕಿ, ಸಕ್ಕರೆ ಎರಡೂ ರಕ್ತದ ಸಕ್ಕರೆಯನ್ನು ಬೇಗ ಏರಿಸುತ್ತವೆ. ಅದು ಬೇಡ.

ನಿಮಗೆ ಸೇಬು ಒಳ್ಳೆಯದು. 100 ಗ್ರಾಂ ಸೇಬಿನಲ್ಲಿ ಪೊಟ್ಯಾಸಿಯಂ 107 ಮಿಲಿಗ್ರಾಂ, ಫಾಸ್ಫರಸ್ 11. ಬಾಳೆಹಣ್ಣಿನಲ್ಲಿ ಪೊಟ್ಯಾಸಿಯಂ 358 ಇದೆ, ಹೋಲಿಸಿ ನೋಡಿ. ಒಂದು ಚಿಕ್ಕ ಸೇಬನ್ನು ಸಿಪ್ಪೆ ಸಮೇತ ಹೋಳು ಮಾಡಿ. ಬಾಣಲೆಯಲ್ಲಿ ಅರ್ಧ ಚಮಚ ಉಪ್ಪಿಲ್ಲದ ಬೆಣ್ಣೆ ಹಾಕಿ, ಹೋಳುಗಳನ್ನು ಸಣ್ಣ ಉರಿಯಲ್ಲಿ ಎರಡೂ ಬದಿ ಕೆಂಪಗಾಗುವವರೆಗೆ ಬಾಡಿಸಿ. ದಾಲ್ಚಿನ್ನಿ ಪುಡಿ, ನಾಲ್ಕು ಹನಿ ನಿಂಬೆರಸ. ಸಕ್ಕರೆ ಹಾಕುವುದೇ ಬೇಡ. ಬಿಸಿಗೆ ಸೇಬಿನ ಸಿಹಿಯೇ ಮೇಲೆ ಬರುತ್ತದೆ. ಒಂದು ಸೇಬಿಗೆ 15ರಿಂದ 20 ಗ್ರಾಂ ಕಾರ್ಬೋಹೈಡ್ರೇಟ್ ಎಂದು ಲೆಕ್ಕ ಇಟ್ಟುಕೊಳ್ಳಿ. ಸುಮ್ನೆ ಮಧ್ಯಾಹ್ನದ ಊಟದ ಮೇಲೆ ಸೇರಿಸಬೇಡಿ, ತಿಂಡಿಯ ಹೊತ್ತಿಗೆ ಬೇರೆಯಾಗಿ ಕೊಡಿ.

ಇನ್ನೊಂದು ಮಾತು ಹೇಳಲೇಬೇಕು. ಕಿಡ್ನಿ ಕೆಲಸ ಕಡಿಮೆಯಾದಂತೆ ಇನ್ಸುಲಿನ್ ದೇಹದಲ್ಲಿ ಹೆಚ್ಚು ಹೊತ್ತು ಉಳಿಯುತ್ತದೆ. ಮೊದಲಿನ ಡೋಸೇ ಈಗ ಜಾಸ್ತಿಯಾಗಿ ಸಕ್ಕರೆ ಕುಸಿಯಬಹುದು. ಕೈಕಾಲು ನಡುಗಿ ಬೆವರು ಬಂದರೆ ಮೂರು ಚಿಕ್ಕ ಚಮಚ ಸಕ್ಕರೆಯನ್ನು ಸ್ವಲ್ಪ ನೀರಿನಲ್ಲಿ ಕರಗಿಸಿ ಕೊಡಿ, ಇಲ್ಲವೇ ಅರ್ಧ ಲೋಟ ಸೇಬಿನ ಜ್ಯೂಸ್. ಆ ಹೊತ್ತಿನಲ್ಲಿ ಎಲ್ಲರೂ ಕಿತ್ತಳೆ ಜ್ಯೂಸ್ ಕಡೆ ಓಡುತ್ತಾರೆ. ಅದರಲ್ಲಿ ಪೊಟ್ಯಾಸಿಯಂ 100 ಮಿಲಿಲೀಟರ್‌ಗೆ 200 ಮಿಲಿಗ್ರಾಂ. ಸೇಬಿನ ಜ್ಯೂಸಿನಲ್ಲಿ ಅದರ ಅರ್ಧದಷ್ಟು.

ನೀಲಿಕಿಟಕಿ

ಇನ್ಸುಲಿನ್ ಡೋಸ್ ಬಗ್ಗೆ ನಾಳೆಯೇ ಡಾಕ್ಟರ್ ಹತ್ತಿರ ಕೇಳುತ್ತೇನೆ. ಇತ್ತೀಚೆಗೆ ಬೆಳಗಿನ ಜಾವ ಅವರಿಗೆ ಬೆವರು ಬರುತ್ತಿದೆ.

ಪಥ್ಯದಡುಗೆ

ನಾಳೆವರೆಗೆ ಕಾಯಬೇಡಿ ಅಕ್ಕ, ಇವತ್ತೇ ಫೋನ್ ಮಾಡಿ. ಬೆವರು ಬಂದ ಹೊತ್ತಿಗೆ ಗ್ಲೂಕೋಮೀಟರ್‌ನಲ್ಲಿ ನೋಡಿ ಬರೆದಿಡಿ. 70ಕ್ಕಿಂತ ಕಡಿಮೆ ಇದ್ದರೆ ತಕ್ಷಣ ಸಕ್ಕರೆ ನೀರು ಕೊಟ್ಟು, ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಅಂಗಡಿಚೀಟಿ

ಮನೆಯಲ್ಲಿ ಮಾಡಲು ಪುರುಸೊತ್ತು ಇಲ್ಲದಿದ್ದಾಗ ಬಿಸ್ಕತ್ತು ಕೊಡಬಹುದಾ ಎಂದು ಹಲವರು ಕೇಳುತ್ತಾರೆ. ನನ್ನ ತಂದೆಗಾಗಿ ನಾನು ಪೊಟ್ಟಣ ಓದುವ ಅಭ್ಯಾಸ ಮಾಡಿಕೊಂಡೆ, ಅದನ್ನು ಇಲ್ಲಿ ಹಂಚಿಕೊಳ್ಳುತ್ತೇನೆ.

ಪೊಟ್ಟಣದ ಹಿಂದೆ ಫಾಸ್ಫರಸ್ ಎಷ್ಟು ಎಂದು ಸಾಮಾನ್ಯವಾಗಿ ಬರೆದಿರುವುದಿಲ್ಲ. ಹಾಗಾಗಿ ಸಾಮಾನಿನ ಪಟ್ಟಿಯಲ್ಲಿ ಹುಡುಕಬೇಕು. ಫಾಸ್ಫೇಟ್, ಪೈರೋಫಾಸ್ಫೇಟ್, ಫಾಸ್ಫಾರಿಕ್ ಎಂದು ಎಲ್ಲಿ ಕಂಡರೂ ಪಕ್ಕಕ್ಕಿಡಿ. ಹೆಸರಿನ ಬದಲು ಸಂಖ್ಯೆ ಇದ್ದರೆ 338ರಿಂದ 341, 343, 450, 451, 452. ಇವೆಲ್ಲ ಫಾಸ್ಫೇಟ್‌ಗಳೇ. 508 ಕಂಡರೆ ಅದು ಪೊಟ್ಯಾಸಿಯಂ ಕ್ಲೋರೈಡ್. ಕಡಿಮೆ ಸೋಡಿಯಂ ಎಂದು ಮಾರುವ ಉಪ್ಪಿನಲ್ಲಿ ಇದೇ ಇರುತ್ತದೆ. ಬಿಪಿಯವರಿಗೆ ಒಳ್ಳೇದು ಅಂತ ಮನೆಗೆ ತಂದು, ಅದನ್ನೇ ಕಿಡ್ನಿ ಕಾಯಿಲೆಯವರ ಅಡುಗೆಗೂ ಹಾಕುವವರಿದ್ದಾರೆ. ಅದು ನಿಜಕ್ಕೂ ಅಪಾಯ.

ಕೇಕು, ಬಿಸ್ಕತ್ತಿಗೆ ಹಾಕುವ ಬೇಕಿಂಗ್ ಪೌಡರ್ ಕೂಡ ಮರೆಯಬೇಡಿ. ಬಹಳಷ್ಟು ಬೇಕಿಂಗ್ ಪೌಡರ್‌ಗಳಲ್ಲಿ ಫಾಸ್ಫೇಟ್ ಇರುತ್ತದೆ, ಸೋಡಿಯಂ ಅಂತೂ ಇದ್ದೇ ಇರುತ್ತದೆ.

ಪಥ್ಯದಡುಗೆ

ತುಂಬಾ ಉಪಯೋಗದ ಮಾತು. ಇದಕ್ಕೊಂದು ಕಾರಣ ಸೇರಿಸುತ್ತೇನೆ. ಕಾಳು, ಬೀಜಗಳಲ್ಲಿರುವ ಫಾಸ್ಫರಸ್ ಬಹುಪಾಲು ಫೈಟೇಟ್ ರೂಪದಲ್ಲಿರುತ್ತದೆ. ನಮ್ಮ ಕರುಳಿಗೆ ಅದನ್ನು ಪೂರ್ತಿ ಬಿಡಿಸಿಕೊಳ್ಳಲು ಆಗಲ್ಲ, ಅರ್ಧಕ್ಕಿಂತ ಕಡಿಮೆಯೇ ರಕ್ತಕ್ಕೆ ಹೋಗುತ್ತದೆ. ಕಾರ್ಖಾನೆಯಲ್ಲಿ ಸೇರಿಸಿದ ಫಾಸ್ಫೇಟ್ ಹಾಗಲ್ಲ, ಹೆಚ್ಚುಕಡಿಮೆ ಎಲ್ಲವೂ ಒಳಗೆ ಹೋಗುತ್ತದೆ. ಅದಕ್ಕೇ ಈಗ ನಾವು ಮನೆಯ ಬೇಳೆಕಾಳಿಗೆ ಮೊದಲಿನಷ್ಟು ಕಟ್ಟುನಿಟ್ಟು ಮಾಡುವುದಿಲ್ಲ. ಪೊಟ್ಟಣದ ತಿಂಡಿ ಮೊದಲು ನಿಲ್ಲಿಸಿ ಅನ್ನುತ್ತೇವೆ. ಬಾದಾಮಿ ಮುಟ್ಟದೆ, ದಿನಾ ಪೊಟ್ಟಣದ ಕೇಕು ತಿನ್ನುವವರನ್ನು ನೋಡಿದಾಗ ನನಗೆ ಬೇಜಾರಾಗುತ್ತದೆ. ಅವರು ಇಷ್ಟು ಕಷ್ಟಪಟ್ಟು ಪಥ್ಯ ಮಾಡುತ್ತಿದ್ದಾರೆ, ಸರಿಯಾದ ಜಾಗ ಯಾವುದು ಅಂತ ಯಾರೂ ತೋರಿಸಿಲ್ಲ.

ಬೆಣ್ಣೆಮುದ್ದೆ

ನಾನು ಅಡುಗೆ ಕಡೆಯವಳು, ಔಷಧಿ ಕಡೆ ಏನೂ ಗೊತ್ತಿಲ್ಲ. ಪಾಕದ ಬಗ್ಗೆ ಮಾತ್ರ ಹೇಳುತ್ತೇನೆ. ಈ ಬಿಲ್ಲೆಯ ಜೀವ ಇರುವುದು ಪಾಕದಲ್ಲೇ.

ಸಕ್ಕರೆ ಪಾಕ ಕುದಿಯುವಾಗ ಅಂಚಿಗೆ ಸಿಡಿದ ಹನಿ ಒಣಗಿ ಹರಳಾಗುತ್ತದೆ. ಆ ಹರಳು ಮತ್ತೆ ಪಾಕಕ್ಕೆ ಬಿದ್ದರೆ ಇಡೀ ಪಾಕ ಮರಳಿನಂತೆ ಸಕ್ಕರೆಗಟ್ಟುತ್ತದೆ. ಮೇಡಂ ಸೌಟು ಆಡಿಸಬೇಡಿ ಅಂದದ್ದು ಅದಕ್ಕೇ. ನಿಂಬೆರಸ ಹಾಕುವುದೂ ಅದಕ್ಕೇ. ಹುಳಿ ಸೇರಿದಾಗ ಸಕ್ಕರೆ ಸ್ವಲ್ಪ ಸ್ವಲ್ಪ ಗ್ಲೂಕೋಸ್, ಫ್ರಕ್ಟೋಸ್ ಆಗಿ ಒಡೆಯುತ್ತದೆ, ಆಗ ಹರಳುಗಟ್ಟುವುದು ಸುಲಭವಲ್ಲ. ಕುದಿಯ ಶುರುವಿನಲ್ಲಿ ಒಂದು ನಿಮಿಷ ಪಾತ್ರೆಗೆ ಮುಚ್ಚಳ ಮುಚ್ಚಿ. ಆವಿಯೇ ಅಂಚನ್ನು ತೊಳೆಯುತ್ತದೆ. ಇಷ್ಟಾದರೂ ಸಕ್ಕರೆಗಟ್ಟಿದರೆ ಎಸೆಯಬೇಡಿ. ಎರಡು ಚಮಚ ನೀರು ಹಾಕಿ ಮತ್ತೆ ಕರಗಿಸಿ ಹೊಸದಾಗಿ ಕುದಿಸಿ.

ಹದ ಹೇಗೆ ಗೊತ್ತಾಗುತ್ತೆ? ತಣ್ಣೀರಿಗೆ ಬಿಟ್ಟ ಹನಿ ಕೈಗೆ ಸಿಗದೆ ಕರಗಿದರೆ ಇನ್ನೂ ಆಗಿಲ್ಲ. ಮೆತ್ತಗಿನ ಉಂಡೆ ಆದರೆ ಬಿಲ್ಲೆ ಅಂಟಂಟಾಗಿ ಬಾಗುತ್ತದೆ. ಒತ್ತಿದರೂ ಆಕಾರ ಬಿಡದ ಗಟ್ಟಿ ಉಂಡೆಯೇ ಸರಿಯಾದ ಹದ, ಥರ್ಮಾಮೀಟರ್ ಇದ್ದರೆ 125 ಡಿಗ್ರಿ ಸೆಲ್ಸಿಯಸ್ ಆಸುಪಾಸು. ಟಕ್ ಅಂತ ಮುರಿದರೆ ಮುಂದೆ ಹೋಗಿದೆ, ವಯಸ್ಸಾದವರ ಹಲ್ಲಿಗೆ ಕಷ್ಟ.

ಮೂರುಸಂಜೆ

ಹದದ ವಿವರ ಓದಿಯೇ ನನಗೆ ಮಾಡಬೇಕು ಅನಿಸುತ್ತಿದೆ. ಬೆಣ್ಣೆಮುದ್ದೆ ಅಕ್ಕ, ಡಯಾಲಿಸಿಸ್‌ನವರಿಗೆ ಮೊಟ್ಟೆಯ ಬಿಳಿ ಒಳ್ಳೇದು ಅನ್ನುತ್ತಾರೆ. ಅದರಲ್ಲಿ ಸಿಹಿ ಏನಾದರೂ ಆಗುತ್ತಾ?

ಬೆಣ್ಣೆಮುದ್ದೆ

ಆಗುತ್ತೆ ಅಣ್ಣ. ಮೆರಿಂಗ್ ಮಾಡಬಹುದು, ಆದರೆ ಅದಕ್ಕೆ ಓವನ್ ಬೇಕು. ಎರಡು ಮೊಟ್ಟೆಯ ಬಿಳಿಯನ್ನು ಒಣಗಿದ ಶುದ್ಧ ಬಟ್ಟಲಿನಲ್ಲಿ ನೊರೆ ಬರುವಂತೆ ಕಡೆಯಬೇಕು. ಹಳದಿಯ ಒಂದು ಹನಿ ಬಿದ್ದರೂ ನೊರೆ ನಿಲ್ಲಲ್ಲ. 100 ಗ್ರಾಂ ಸಕ್ಕರೆಯನ್ನು ಚಮಚ ಚಮಚವಾಗಿ ಸೇರಿಸುತ್ತಾ, ಬಟ್ಟಲು ತಲೆಕೆಳಗೆ ಮಾಡಿದರೂ ಬೀಳದಷ್ಟು ಗಟ್ಟಿಯಾಗುವವರೆಗೆ ಕಡೆಯಿರಿ. ಚಮಚದಿಂದ ತಟ್ಟೆಗೆ ಬಿಟ್ಟು 100 ಡಿಗ್ರಿಯಲ್ಲಿ ಒಂದೂವರೆ ಗಂಟೆ ಒಣಗಿಸಿದರೆ ಹಗುರವಾಗಿ ಗರಿಗರಿಯಾಗುತ್ತದೆ. ನೊರೆ ಗಟ್ಟಿ ನಿಲ್ಲಲು ಕ್ರೀಮ್ ಆಫ್ ಟಾರ್ಟರ್ ಹಾಕುವುದು ರೂಢಿ.

ಪಥ್ಯದಡುಗೆ

ಆ ಕ್ರೀಮ್ ಆಫ್ ಟಾರ್ಟರ್ ಬೇಡವೇ ಬೇಡ. ಅದು ಪೊಟ್ಯಾಸಿಯಂ ಬೈಟಾರ್ಟ್ರೇಟ್. ಒಂದು ಚಿಕ್ಕ ಚಮಚದಲ್ಲೇ 500 ಮಿಲಿಗ್ರಾಂ ಹತ್ತಿರ ಪೊಟ್ಯಾಸಿಯಂ ಇರುತ್ತದೆ. ಅದರ ಬದಲು ಅರ್ಧ ಚಿಕ್ಕ ಚಮಚ ನಿಂಬೆರಸ ಸಾಕು, ನೊರೆ ನಿಲ್ಲುತ್ತದೆ.

ಒಂದು ಮೊಟ್ಟೆಯ ಬಿಳಿಯಲ್ಲಿ ಮೂರೂವರೆ ಗ್ರಾಂ ಒಳ್ಳೆಯ ಪ್ರೋಟೀನ್, ಫಾಸ್ಫರಸ್ 5 ಮಿಲಿಗ್ರಾಂ ಮಾತ್ರ. ಡಯಾಲಿಸಿಸ್‌ನವರಿಗೆ ಇದಕ್ಕಿಂತ ಹೊಂದುವ ಪ್ರೋಟೀನ್ ಹುಡುಕುವುದು ಕಷ್ಟ. ಆದರೆ ಮೆರಿಂಗ್‌ನಲ್ಲಿ ಸಕ್ಕರೆಯೇ ಮುಖ್ಯ. ನಾಲ್ಕು ಜನ ಹಂಚಿಕೊಂಡರೆ ಒಬ್ಬರಿಗೆ ಎರಡು ಗ್ರಾಂ ಪ್ರೋಟೀನ್ ಸಹ ಬರಲ್ಲ. ಅದನ್ನು ಸಿಹಿ ಎಂದು ತಿನ್ನಿ, ಪ್ರೋಟೀನ್ ಎಂದು ಲೆಕ್ಕ ಹಾಕಬೇಡಿ.

ಹನಿಹನಿ

ನನ್ನದು ಹೊಟ್ಟೆಯ ಮೂಲಕ ಮಾಡುವ ಡಯಾಲಿಸಿಸ್. ನನ್ನ ಪೊಟ್ಯಾಸಿಯಂ ಕಡಿಮೆಯಾಗಿ 3.2ಕ್ಕೆ ಬಂದಿದೆ. ಬಾಳೆಹಣ್ಣು ತಿನ್ನಿ ಅಂದಿದ್ದಾರೆ! ಇಲ್ಲಿ ಎಲ್ಲರೂ ಪೊಟ್ಯಾಸಿಯಂ ಕಡಿಮೆ ಮಾಡಿ ಅನ್ನುವುದನ್ನು ನೋಡಿ ಗಾಬರಿಯಾಯಿತು.

ಪಥ್ಯದಡುಗೆ

ಗಾಬರಿ ಬೇಡ. ನಿಮಗೆ ಹೇಳಿದ್ದು ಸರಿಯೇ ಇದೆ. ಹೊಟ್ಟೆಯ ಡಯಾಲಿಸಿಸ್ ದಿನವೂ ನಡೆಯುತ್ತದೆ, ಪೊಟ್ಯಾಸಿಯಂ ದಿನವೂ ಹೊರಗೆ ಹೋಗುತ್ತಿರುತ್ತದೆ. ಹಾಗಾಗಿ ಹಲವರಲ್ಲಿ ಕಡಿಮೆಯೇ ಆಗುತ್ತದೆ. ನಿಮ್ಮ ಸಿಹಿ ಬಾಳೆಹಣ್ಣೇ ಆಗಲಿ. ಆದರೆ ಸಕ್ಕರೆ ಬಿಲ್ಲೆ ನಿಮಗೆ ಅಷ್ಟು ಬೇಡ. ಆ ಡಯಾಲಿಸಿಸ್ ದ್ರಾವಣದಲ್ಲಿ ಸಾಮಾನ್ಯವಾಗಿ ಗ್ಲೂಕೋಸ್ ಇರುತ್ತದೆ. ಅದರಲ್ಲಿ ಒಂದಷ್ಟು ರಕ್ತಕ್ಕೆ ಸೇರಿ ನಿಮಗೆ ತಿನ್ನದೆಯೇ ಕ್ಯಾಲೊರಿ ಸಿಗುತ್ತಿರುತ್ತದೆ.

ಮಲ್ಲಿಗೆಬಳ್ಳಿ ಅವರ ಅಮ್ಮ, ನೀಲಿಕಿಟಕಿ ಅಕ್ಕನ ಯಜಮಾನರು, ಮೂರುಸಂಜೆ ಅಣ್ಣ, ನೀವು. ನಾಲ್ವರದ್ದೂ ಕಿಡ್ನಿ ಕಾಯಿಲೆಯೇ, ನಾಲ್ವರ ತಟ್ಟೆಯೂ ಬೇರೆ. ಓದುವವರು ಯಾರೇ ಆಗಲಿ, ತಮ್ಮ ರಿಪೋರ್ಟ್ ಪಕ್ಕದಲ್ಲಿಟ್ಟುಕೊಂಡು ಓದಿ.

ಹಳೇಮರ

ಹಣ್ಣಿನ ಮಾತು ಬಂತಲ್ಲ, ಕಿಡ್ನಿಯವರು ಮುಟ್ಟಲೇಬಾರದ ಹಣ್ಣು ಯಾವುದಾದರೂ ಇದೆಯಾ?

ಪಥ್ಯದಡುಗೆ

ಒಂದಿದೆ. ಸ್ಟಾರ್ ಫ್ರೂಟ್, ನಕ್ಷತ್ರ ಹಣ್ಣು ಅಂತಲೂ ಕರೆಯುತ್ತಾರೆ. ಅಡ್ಡ ಕತ್ತರಿಸಿದರೆ ನಕ್ಷತ್ರದ ಆಕಾರ ಬರುವ ಹುಳಿ ಹಣ್ಣು. ಅದರಲ್ಲಿ ಕ್ಯಾರಂಬಾಕ್ಸಿನ್ ಎಂಬ ವಿಷಾಂಶ ಇದೆ. ಕಿಡ್ನಿ ಸರಿ ಇದ್ದವರಲ್ಲಿ ಅದು ಹೊರಗೆ ಹೋಗುತ್ತದೆ. ಇಲ್ಲದವರಲ್ಲಿ ಉಳಿದು ಮಿದುಳಿಗೆ ಏರುತ್ತದೆ. ಬಿಡದ ಬಿಕ್ಕಳಿಕೆ, ಗೊಂದಲ, ಫಿಟ್ಸ್ ಬರುತ್ತವೆ, ಸಾವೂ ಆಗಿದೆ. ಪೊಟ್ಯಾಸಿಯಂ ವಿಷಯದಲ್ಲಿ ಸ್ವಲ್ಪ ತಿಂದರೆ ಪರವಾಗಿಲ್ಲ ಅನ್ನುತ್ತೇನೆ. ಈ ಹಣ್ಣಿನ ವಿಷಯದಲ್ಲಿ ಒಂದು ಹೋಳೂ ಬೇಡ, ಜ್ಯೂಸಂತೂ ಬೇಡವೇ ಬೇಡ.

ಮಲ್ಲಿಗೆಬಳ್ಳಿ

ಇಷ್ಟೊಂದು ಜನ ಬರೆದಿದ್ದೀರಿ, ಎಲ್ಲರಿಗೂ ಧನ್ಯವಾದ. ಇವತ್ತು ಬಿಲ್ಲೆ ಮಾಡಿದೆ. ನಿಂಬೆ ಸಿಪ್ಪೆಯ ತುರಿ ಹಾಕಿದೆ. ಮೂರುಸಂಜೆ ಅಣ್ಣ, ನೀವು ಹೇಳಿದಂತೆ ಎಲ್ಲರೂ ಒಟ್ಟಿಗೆ ಕೂತು ತಿಂದೆವು. ಅಮ್ಮ ಒಂದು ಮುಗಿಸಿ ಇನ್ನೊಂದಕ್ಕೆ ಕೈ ಚಾಚಿದರು. ಅವರು ತಾವಾಗಿ ಎರಡನೇ ಸಲ ಕೇಳುವುದನ್ನು ನೋಡಿ ಬಹಳ ದಿನವಾಗಿತ್ತು.

ಒಂದೇ ತೊಂದರೆ. ಅಮ್ಮನಿಗೆ ಕಟ್ಟಿಸಿದ ಹಲ್ಲು. ಪಾಕ ಸರಿಯಾದ ಹದದಲ್ಲೇ ಇತ್ತು, ಆದರೂ ಹಲ್ಲಿಗೆ ಅಂಟುತ್ತದೆ ಅನ್ನುತ್ತಾರೆ. ಮೆತ್ತಗಿರುವುದು ಏನಾದರೂ ಇದೆಯಾ? ಬಿಲ್ಲೆ ಎಷ್ಟು ದಿನ ಇಡಬಹುದು?

ಬೆಣ್ಣೆಮುದ್ದೆ

ಸಬ್ಬಕ್ಕಿ ಇದೆಯಲ್ಲ! ಹಾಲಿಲ್ಲದೆ, ಸೇಬಿನ ಜೊತೆ ಮಾಡಿ. ಕಾಲು ಲೋಟ ಸಬ್ಬಕ್ಕಿಯನ್ನು ತೊಳೆದು ಒಂದು ಗಂಟೆ ನೆನೆಸಿ. ಒಂದೂವರೆ ಲೋಟ ನೀರು ಕುದಿಸಿ, ಸಬ್ಬಕ್ಕಿ ಹಾಕಿ, ಕಾಳು ಪಾರದರ್ಶಕವಾಗುವವರೆಗೆ ಸಣ್ಣ ಉರಿಯಲ್ಲಿ ಬೇಯಿಸಿ. ತಳ ಹಿಡಿಯದಂತೆ ಆಗಾಗ ಕೈಯಾಡಿಸಿ. ಒಂದು ಸೇಬಿನ ಸಿಪ್ಪೆ ತೆಗೆದು ಸಣ್ಣಗೆ ಹೆಚ್ಚಿ, ಬೇರೆ ಪಾತ್ರೆಯಲ್ಲಿ ಸ್ವಲ್ಪ ನೀರಿನಲ್ಲಿ ಮೆತ್ತಗೆ ಬೇಯಿಸಿ ಮಸೆಯಿರಿ. ಎರಡನ್ನೂ ಸೇರಿಸಿ ಮೂರು ದೊಡ್ಡ ಚಮಚ ಸಕ್ಕರೆ, ಒಂದು ದೊಡ್ಡ ಚಮಚ ಬೆಣ್ಣೆ, ಏಲಕ್ಕಿ ಹಾಕಿ ಇಳಿಸಿ. ನಿಂಬೆರಸವನ್ನು ಆರಿದ ಮೇಲೆ ಹಿಂಡಿ. ಚಿಕ್ಕ ಬಟ್ಟಲುಗಳಿಗೆ ಹಾಕಿ ತಣ್ಣಗೆ ಕೊಡಿ. ಮೂರು ಬಟ್ಟಲು ಆಗುತ್ತದೆ. ಅಗಿಯುವ ಕೆಲಸವೇ ಇಲ್ಲ.

ಪಥ್ಯದಡುಗೆ

ಇದು ನಿಮ್ಮ ಅಮ್ಮನಿಗೆ ಹೇಳಿ ಮಾಡಿಸಿದ ಹಾಗಿದೆ. ಸಬ್ಬಕ್ಕಿ ಬರೀ ಪಿಷ್ಟ. 100 ಗ್ರಾಂನಲ್ಲಿ ಪೊಟ್ಯಾಸಿಯಂ 11 ಮಿಲಿಗ್ರಾಂ, ಫಾಸ್ಫರಸ್ 7, ಪ್ರೋಟೀನ್ ಇಲ್ಲವೆನ್ನುವಷ್ಟು. ಇಡೀ ಪಾತ್ರೆಯಲ್ಲಿ ಪೊಟ್ಯಾಸಿಯಂ ಬರುವುದು ಸೇಬಿನಿಂದ ಮಾತ್ರ. ಬಟ್ಟಲಿಗೆ 50 ಮಿಲಿಗ್ರಾಂ ಆಸುಪಾಸು ಇರುತ್ತದೆ, ಕ್ಯಾಲೊರಿ 160ರ ಸುಮಾರು. ಸೇಬು ಬೇಯಿಸಿದ ನೀರನ್ನು ಬಸಿದು ಚೆಲ್ಲಿದರೆ ಪೊಟ್ಯಾಸಿಯಂ ಇನ್ನೂ ಸ್ವಲ್ಪ ಇಳಿಯುತ್ತದೆ. ಆದರೆ ಸೇಬಿಗೆ ಅದರ ಅಗತ್ಯವಿಲ್ಲ, ರುಚಿ ಹೋಗುತ್ತದೆ. ನಿಮ್ಮ ಅಮ್ಮನಿಗೆ ನೀರಿನ ಮಿತಿ ಹೇಳಿದ್ದಾರಾ?

ಮಲ್ಲಿಗೆಬಳ್ಳಿ

ಇಲ್ಲ ಮೇಡಂ. ಮೂತ್ರ ಚೆನ್ನಾಗಿ ಹೋಗುತ್ತಿದೆ, ನೀರಿಗೆ ಮಿತಿ ಹಾಕಿಲ್ಲ.

ಪಥ್ಯದಡುಗೆ

ಹಾಗಾದರೆ ನಿಶ್ಚಿಂತೆಯಿಂದ ಕೊಡಿ. ಮೂರುಸಂಜೆ ಅಣ್ಣ, ನೀವು ಮಾಡಿಕೊಂಡರೆ ಒಂದು ಬಟ್ಟಲಿಗೆ ಸುಮಾರು ಮುಕ್ಕಾಲು ಲೋಟ ನೀರು ಎಂದು ದಿನದ ಲೆಕ್ಕಕ್ಕೆ ಸೇರಿಸಿ. ಗಟ್ಟಿಯಾಗಿ ಕಂಡರೂ ಒಳಗಿರುವುದು ನೀರೇ.

ಮೂರುಸಂಜೆ

ಸರಿ ಮೇಡಂ. ನಾನು ಅರ್ಧ ಬಟ್ಟಲು ತಿನ್ನುತ್ತೇನೆ.

ಬೆಣ್ಣೆಮುದ್ದೆ

ಮಲ್ಲಿಗೆಬಳ್ಳಿ, ಬಿಲ್ಲೆ ಗಾಳಿಯಾಡದ ಡಬ್ಬಿಯಲ್ಲಿ ಒಂದು ವಾರ ಇರುತ್ತದೆ. ಒಂದರ ಮೇಲೊಂದು ಇಡುವಾಗ ನಡುವೆ ಎಣ್ಣೆ ಹೀರದ ಕಾಗದ ಹಾಕಿ. ಮಳೆಗಾಲದಲ್ಲಿ ಬೇಗ ಮೆತ್ತಗಾಗುತ್ತದೆ, ಆಗ ಅರ್ಧ ಅಳತೆಯಲ್ಲಿ ಮಾಡಿ. ಸಬ್ಬಕ್ಕಿಯನ್ನು ಫ್ರಿಜ್‌ನಲ್ಲಿಟ್ಟು ಎರಡು ದಿನದೊಳಗೆ ಮುಗಿಸಿ. ಮಾರನೇ ದಿನ ಗಟ್ಟಿಯಾಗಿದ್ದರೆ ಎರಡು ಚಮಚ ಬಿಸಿನೀರು ಹಾಕಿ ಕಲಕಿದರೆ ಸಾಕು, ಮೊದಲಿನ ಹದಕ್ಕೆ ಬರುತ್ತದೆ.